ಐದು ಮಾತು ಕಲಿತವಳು

ಇನೆ, ಆರ್ನೋ ದ್ವೀಪ
ಸೋಮವಾರ, ೧೯ ಆಗಸ್ಟ್ ೨೦೧೯

ಪ್ರೀತಿಯ ಮಗಳು ಹೆರ್ಟೀನಾಗೆ,

ನಿನ್ನ ತಾಯಿ ನೇಮಾತ್ ಕೂಗಿ ಹೇಳುವ ಯೋಕ್ವೆ. ಕಾಗದದಲ್ಲಿ ಕೂಗುವುದು ಹೇಗೆ ಎಂದು ನಗಬೇಡ. ನನ್ನ ಗಂಟಲು ನಿನಗೆ ಗೊತ್ತು. ಮಜುರೋದ ತನಕ ಕೇಳಿಸಲೆಂದೇ ಅಕ್ಷರಗಳನ್ನು ಇಷ್ಟು ಒತ್ತಿ ಬರೆಯುತ್ತಿದ್ದೇನೆ, ಹಾಳೆಯ ಹಿಂಬದಿಗೆಲ್ಲ ಗುಬುಟು ಮೂಡಿದೆ. ನಿನ್ನ ಕಾಲಿನ ಬಾವು ಇಳಿಯಿತೇ? ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನವಿಡೀ ನಿಂತೇ ಇರುತ್ತೀಯೆಂದೂ ಬಿಸಿ ಹಬೆಗೆ ಕೆಮ್ಮು ಹತ್ತಿದೆಯೆಂದೂ ದೋಣಿಯ ಜೋರ್ಲಾಂಗ್ ಹೇಳಿದ. ಎಳನೀರು ಕುಡಿ. ಮಲಗುವಾಗ ಕಾಲಿನ ಕೆಳಗೆ ದಿಂಬು ಇಟ್ಟುಕೋ. ನನ್ನ ಸಕ್ಕರೆ ಕಾಯಿಲೆ ಇದ್ದ ಹಾಗೇ ಇದೆ. ಎಡಗಾಲಿನ ಹೆಬ್ಬೆರಳು ಮರಗಟ್ಟಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನೀನು ಕಳಿಸಿದ ಅಕ್ಕಿಮೂಟೆ, ಸಾಬೂನು ಮುಟ್ಟಿದವು. ಒಂಬತ್ತು ವರ್ಷದಿಂದ ತಿಂಗಳು ತಪ್ಪದೆ ಮುಟ್ಟುತ್ತಿವೆ. ಮೂಟೆಯ ಬಾಯಿ ಬಿಚ್ಚಿದಾಗಲೆಲ್ಲ ಮೊಣಕೈವರೆಗೆ ಕೈ ಇಳಿಸಿ ಅಕ್ಕಿಯೊಳಗೆ ಹುಡುಕುತ್ತೇನೆ, ಒಂದು ಚೀಟಿಯಾದರೂ ಇದೆಯೇನೋ ಎಂದು. ಇರುವುದಿಲ್ಲ. ಇರಲಿ, ಅಕ್ಕಿ ಚೆನ್ನಾಗಿರುತ್ತದೆ.

ಈಗ ಸುದ್ದಿ. ಅದು ನಿನಗೆ ಗೊತ್ತೇ ಇದೆ. ಹೋದ ಬುಧವಾರ ಜೋರ್ಲಾಂಗ್‌ನ ಹತ್ತಿರ ಹೇಳಿಕಳಿಸಿದ್ದೆ: ಹನ್ನೊಂದು ವರ್ಷದ ಹಿಂದೆ ನಿನ್ನ ಮಡಿಲಿಂದ ಹೋದ ನಿನ್ನ ಮಗಳು ಬಂದಿದ್ದಾಳೆ, ಸಾಕಿದ ಮಾರ್ಗಿಯೂ ಜೊತೆಗಿದ್ದಾಳೆ, ನನ್ನ ಮನೆಯಲ್ಲೇ ಇದ್ದಾರೆ, ಬಾ ಎಂದು. ನೀನು ತಿರುಗಿ ಹೇಳಿಕಳಿಸಿದ್ದು ಎರಡೇ ಪದ. "ಕೆಲಸ ಇದೆ." ಅದನ್ನು ಹೇಳುವಾಗ ಜೋರ್ಲಾಂಗ್ ನನ್ನ ಮುಖ ನೋಡಲಿಲ್ಲ, ಹಗ್ಗ ಸುತ್ತುತ್ತ ಹಗ್ಗಕ್ಕೇ ಹೇಳಿದ. ಈಗ ಲೆಕ್ಕ ಕೇಳು. ಗುರುವಾರ ಬೆಳಿಗ್ಗೆ ಅವರಿಗೆ ಇಲ್ಲಿಂದ ಚಿಕ್ಕ ವಿಮಾನ, ಅದೇ ಸಂಜೆ ಮಜುರೋದಿಂದ ದೊಡ್ಡ ವಿಮಾನ. ಆಮೇಲೆ ಬರೀ ನೀರು. ಈ ಕಾಗದ ನಾಡಿದ್ದು ಬುಧವಾರ ನಸುಕಿನ ದೋಣಿಗೆ ಹೊರಡುತ್ತದೆ. ಅದೇ ದೋಣಿ ಮಧ್ಯಾಹ್ನ ಇನೆಗೆ ತಿರುಗಿ ಬರುತ್ತದೆ. ಅದರಲ್ಲಿ ನೀನು ಇರಬೇಕು. ಇಷ್ಟನ್ನು ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದಿದ್ದೇನೆ. ಒಮ್ಮೆ ಒಲೆ ನೋಡಲು, ಒಮ್ಮೆ ಗಾಳಿ ನೋಡಲು, ಎರಡು ಸಲ ಯಾಕೆಂದು ನನಗೇ ಗೊತ್ತಿಲ್ಲ. ಚಾಪೆಯಡಿ ಯಾರೋ ಹವಳದ ಚೂರು ಸುರಿದ ಹಾಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅವರು ಬಂದಿಳಿದ ದಿನ ಊರಿಗೆ ಊರೇ ವಿಮಾನದ ಬಯಲಿನಲ್ಲಿತ್ತು. ನಾನು ಕ್ರಿಸ್‌ಮಸ್ ನಾಟಕಕ್ಕೆ ಇಟ್ಟಿದ್ದ ನೇರಳೆ ಉಡುಪು ತೊಟ್ಟು, ತಲೆಗೆ ಹೂದಂಡೆ ಇಟ್ಟು, ಎಲ್ಲರ ಮುಂದೆ ನಿಂತಿದ್ದೆ. ಏನು ಹೇಳಬೇಕೆಂದು ಮೂರು ದಿನ ಬಾಯಿಪಾಠ ಮಾಡಿದ್ದೆ. ದೊಡ್ಡ ಮಾತು, ಮೇಲಿನ ದೇವರನ್ನೂ ಕೆಳಗಿನ ಮೀನನ್ನೂ ಸಾಕ್ಷಿಗೆ ಕರೆಯುವಂಥದ್ದು. ವಿಮಾನದ ಬಾಗಿಲು ತೆರೆಯಿತು. ಮೊದಲು ಮಾರ್ಗಿ ಇಳಿದಳು, ಬಿಸಿಲಿಗೆ ಏಡಿಯ ಹಾಗೆ ಕೆಂಪಾಗಿ. ಅವಳ ಹಿಂದೆ ಒಂದು ಹುಡುಗಿ. ಮೆಟ್ಟಿಲಲ್ಲಿ ನಿಂತು, ಬಲಗಾಲಿನ ಬೆರಳಿಂದ ಎಡಗಾಲಿನ ಮೀನಖಂಡ ಕೆರೆದುಕೊಂಡಳು. ಹೆರ್ಟೀನಾ, ಹಾಗೆ ಕೆರೆದುಕೊಳ್ಳುವವರು ಈ ಭೂಮಿಯ ಮೇಲೆ ಒಬ್ಬರೇ ಎಂದು ನಾನು ತಿಳಿದಿದ್ದೆ. ಆಡಬೇಕಿದ್ದ ಮಾತೆಲ್ಲ ಹಾರಿಹೋಯಿತು. ಹುಡುಗಿ ನನ್ನ ಎದುರು ಬಂದು ಪುಸ್ತಕದಿಂದ ಕಲಿತ ಯೋಕ್ವೆಯನ್ನು ಮೂರು ತುಂಡು ಮಾಡಿ ಹೇಳಿದಳು. ಇಪ್ಪತ್ತಾರು ಕ್ರಿಸ್‌ಮಸ್ ಹೆರೋದ ರಾಜನ ಪಾತ್ರ ಮಾಡಿದ ನಾನು, ನನ್ನ ಗರ್ಜನೆಗೆ ಹವಳದ ದಂಡೆಯಾಚೆಯ ದೋಣಿಯವರೂ ತಿರುಗಿ ನೋಡುತ್ತಿದ್ದರಲ್ಲ, ಅಂಥ ನಾನು ಬಾಯಿ ತೆರೆದು ಹಾಗೇ ನಿಂತೆ. ಹಿಂದಿನಿಂದ ಲಿಮಿ ಮುದುಕಿ, "ಏನೇ ನೇಮಾತ್, ರಾಜನಿಗೆ ಮಾತು ಮರೀತಾ?" ಅಂದಳು. ಊರೆಲ್ಲ ನಕ್ಕಿತು. ನಗಲಿ.

ಅವಳನ್ನು ಮಾರ್ಗಿ ಹೇಝಲ್ ಎನ್ನುತ್ತಾಳೆ. ಹುಟ್ಟಿದ ದಿನ ನಾನು ಇಟ್ಟ ಹೆಸರು ನಿನಗೆ ನೆನಪಿದೆ, ನನ್ನ ತಾಯಿಯ ಹೆಸರು, ಲಿಬೋನ್. ಎರಡಕ್ಕೂ ಓಗೊಡುತ್ತಾಳೆ. ನನ್ನನ್ನು ಬೂಬೂ ಎನ್ನುತ್ತಾಳೆ, ಅಜ್ಜಿಗೆ ಇಲ್ಲಿ ಹಾಗೇ ಎನ್ನಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟೆ. ಮಾತು ಕಲಿಯಬೇಕೆಂದು ಹಟ ಹಿಡಿದಳು. ತಾಯಿ ಮಗಳು ಇಬ್ಬರೂ ಒಂದೊಂದು ನೋಟುಪುಸ್ತಕ ಹಿಡಿದು ಬೆಳಿಗ್ಗೆ ನನ್ನೆದುರು ಕೂರುತ್ತಾರೆ. ಶಾಲೆಯ ಕಿಯೋನಾ ಟೀಚರ್ ನಡುವೆ ಕೂತು ಅವರ ಮಾತು ನನಗೆ, ನನ್ನ ಮಾತು ಅವರಿಗೆ ದಾಟಿಸುತ್ತಾಳೆ. ಯೋಕ್ವೆ ಎಂದರೆ ಏನೆಂದು ಹುಡುಗಿ ಕೇಳಿದಳು. ಬಂದವರಿಗೂ ಅದೇ, ಹೋಗುವವರಿಗೂ ಅದೇ, ಮಗುವನ್ನು ತಬ್ಬಿಕೊಂಡಾಗಲೂ ಅದೇ, ಹೆಣದ ಮುಂದೆಯೂ ಅದೇ ಅಂದೆ. ಅವಳು ಪೆನ್ಸಿಲ್ ಕಚ್ಚಿ ಯೋಚಿಸಿ, "ಹಾಗಾದ್ರೆ ಯಾವುದಕ್ಕೆ ಹೇಳ್ತಿದ್ದಾರೆ ಅಂತ ಹೇಗೆ ಗೊತ್ತಾಗತ್ತೆ?" ಅಂದಳು. ಮುಖ ನೋಡಬೇಕು ಅಂದೆ. ಅದನ್ನೂ ಬರೆದುಕೊಂಡಳು. ಎರಡನೆಯ ಮಾತು ಕೊಮ್ಮೋಲ್, ಉಪಕಾರವಾಯಿತು ಎನ್ನಲು. ಕೊಟ್ಟದ್ದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕೊಮ್ಮೋಲ್ ಎಂದಳು ಎಂದರೆ ಪಾದ್ರಿಯ ಹೆಂಡತಿಯೂ ಕರಗುತ್ತಾಳೆ, ನಿನಗೆ ಗೊತ್ತು ಆ ಹೆಂಗಸು ಸುಲಭಕ್ಕೆ ಕರಗುವವಳಲ್ಲ.

ಮೂರನೆಯ ಮಾತನ್ನು ನಾನು ಮೊದಲ ದಿನವೇ ಕಲಿಸಬೇಕಿತ್ತು, ಮರೆತೆ. ಹಿಂದಿನ ವಾರದ ಭಾನುವಾರ ಆರಾಧನೆ ಮುಗಿಸಿ ಅವರಿಬ್ಬರೂ ಒಳಗಡಲಿನ ದಂಡೆಯ ದಾರಿಯಲ್ಲಿ ನಡೆದುಕೊಂಡು ಬಂದರು. ಆ ದಾರಿಯಲ್ಲಿ ಹೋಗುವವರನ್ನು ಕಂಡರೆ ಯಾವ ಮನೆಯವರು ಸುಮ್ಮನಿರುತ್ತಾರೆ? "ಇತೋಕ್ ಮೊಂಗಾ," ಬಾ, ಉಣ್ಣು, ಎಂದು ಕಿಯೋನಾಳ ಮನೆಯಿಂದ ಕರೆದರು. ನಾವಾದರೆ ಹೊಟ್ಟೆ ತುಂಬಿದೆ ಎಂದು ನಕ್ಕು ಮುಂದೆ ಹೋಗುತ್ತೇವೆ. ಇವರು ಒಳಗೆ ಹೋಗಿ ಕೂತರು. ಉಂಡರು. ಪಕ್ಕದ ಮನೆಯವರೂ ಕರೆದರು, ಅಲ್ಲೂ ಉಂಡರು. ಹೀಗೆ ಏಳು ಮನೆ. ಎಲ್ಲೂ ಬೇಡ ಅನ್ನಲಿಲ್ಲ, ಬೇಡ ಅಂದರೆ ನಮಗೆ ನೋವಾಗುತ್ತದೆ ಎಂದು ಅವರ ಪುಸ್ತಕದಲ್ಲಿ ಬರೆದಿತ್ತಂತೆ. ಏಳನೆಯ ಮನೆಯಲ್ಲಿ ಮಾರ್ಗಿಗೆ ಏಳಲಾಗಲಿಲ್ಲ, ಇಬ್ಬರು ಹೆಂಗಸರು ರಟ್ಟೆ ಹಿಡಿದು ಎಬ್ಬಿಸಿದರು. ಸಂಜೆ ಲಿಮಿ ಮುದುಕಿ ಬೇಲಿಯಾಚೆಯಿಂದ, "ನೇಮಾತ್, ನಿಮ್ಮನೇಲಿ ಒಲೆ ಹಚ್ಚೋದು ಬಿಟ್ಟಿದ್ದೀಯಾ? ನಿನ್ನ ನೆಂಟ್ರು ನಮ್ಮ ಪಾತ್ರೆ ತಳಾನೂ ಕೆರೆದುಬಿಟ್ರಲ್ಲೇ," ಅಂದಳು. "ನಿನ್ನ ಅಡುಗೆ ತಿಂದು ಇನ್ನೂ ಉಸಿರಾಡ್ತಿದ್ದಾರೆ, ಅದಕ್ಕೆ ಸಂತೋಷಪಡು," ಅಂದೆ ನಾನು. ಹೇಳಿದ್ದೇನೋ ಹೇಳಿದೆ, ಆದರೆ ಮಾರನೆಯ ದಿನದಿಂದ ಊರಲ್ಲಿ ಎಲ್ಲರೂ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿ ಇವರಿಗಾಗಿ ದಾರಿ ಕಾಯತೊಡಗಿದರು. ಆಗ ಹೊಟ್ಟೆ ತುಂಬಿದೆ ಎನ್ನುವುದನ್ನು ಕಲಿಸಿದೆ. ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ತುಸು ಮುಚ್ಚಿ, ಈಗಷ್ಟೇ ತಿಮಿಂಗಿಲ ನುಂಗಿ ಬಂದವರ ಹಾಗೆ ಹೇಳಬೇಕು ಎಂದು ಅಭಿನಯಿಸಿ ತೋರಿಸಿದೆ. ಮಾರ್ಗಿ ಚೆನ್ನಾಗಿ ಮಾಡುತ್ತಾಳೆ. ಹುಡುಗಿ ನನಗಿಂತ ಚೆನ್ನಾಗಿ ಮಾಡುತ್ತಾಳೆ.

ನಾಲ್ಕನೆಯ ಮಾತಿನಿಂದ ಮನೆ ತುಂಬಿತು. ಐಬೂಜೋಜ್. ಎಷ್ಟು ಚೆಂದ ಎನ್ನಲು ಕಲಿಸಿದ್ದೇ ತಡ, ಮಾರ್ಗಿ ಕಂಡದ್ದಕ್ಕೆಲ್ಲ ಐಬೂಜೋಜ್ ಎಂದಳು. ಬೀಸಣಿಗೆಗೆ ಎಂದಳು, ಬೀಸಣಿಗೆ ಬಂತು. ಕೇದಗೆ ಚಾಪೆಗೆ ಎಂದಳು, ಸುರುಳಿ ಸುತ್ತಿ ತಂದುಕೊಟ್ಟರು. ಕಪ್ಪೆಚಿಪ್ಪಿನ ಸರ, ಕಡೆದ ಬೋಗುಣಿ, ಮೂರು ಟೋಪಿ. ಕಡೆಗೆ ಮುದುಕ ಲಾಕ್ಜೆರ್‌ನ ಹುಂಜ ಬೇಲಿಯ ಮೇಲೆ ನಿಂತು ಬಿಸಿಲಿಗೆ ಮಿಂಚುತ್ತಿತ್ತು, ಅದಕ್ಕೂ ಎಂದಳು. ಮುದುಕ ಎರಡು ಸಲ ಉಗುಳು ನುಂಗಿದ, ಆಮೇಲೆ ಕಾಲು ಕಟ್ಟಿ ತಂದು ಅವಳ ಕೈಗಿಟ್ಟ. ಕಣ್ಣಲ್ಲಿ ನೀರಿತ್ತು. ತಿರುಗಿ ಕೊಟ್ಟರೆ ಅವನಿಗೆ ಅವಮಾನ, ಇಟ್ಟುಕೊಂಡರೆ ನಮಗೆ ನಿದ್ದೆಯಿಲ್ಲ. ನನಗಿಂತ ದೊಡ್ಡ ಗಂಟಲಿನವರು ಈ ಮನೆಯಲ್ಲಿ ಇದೇ ಮೊದಲು. ಚೆಂದ ಎಂದರೆ ಕೊಡು ಎಂದ ಹಾಗೆ, ಕೇಳಿದ್ದನ್ನು ಇಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ ಎಂದು ಕಿಯೋನಾ ಬಿಡಿಸಿ ಹೇಳಿದಾಗ ಮಾರ್ಗಿ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಹುಡುಗಿ ಎಲ್ಲ ಕೇಳಿಸಿಕೊಂಡಳು.

ಪೆಟ್ಟಿಗೆಯ ಮೇಲೆ ಗೋಡೆಗೆ ನಿನ್ನ ಫೋಟೋ ಇತ್ತಲ್ಲ, ಹದಿನೆಂಟು ವರ್ಷದ್ದು, ಕ್ರಿಸ್‌ಮಸ್ ಕುಣಿತದ ಸಾಲಿನಲ್ಲಿ ಮೊದಲನೆಯವಳಾಗಿ ನಿಂತದ್ದು, ನೀಲಿ ಉಡುಪು, ತಲೆಯಲ್ಲಿ ಬಿಳಿ ಹೂದಂಡೆ. ನಿನ್ನದೆಂದು ನನ್ನ ಹತ್ತಿರ ಉಳಿದಿದ್ದು ಅದೊಂದೇ. ಬಂದಾಗಿನಿಂದ ಹುಡುಗಿ ಅದರೆದುರು ನಿಲ್ಲುವುದನ್ನು ನೋಡಿದ್ದೆ. ಯಾರು ಎಂದು ಕೇಳಲಿಲ್ಲ. ಹಲ್ಲುಜ್ಜುತ್ತ ನಿಂತಿರುತ್ತಿದ್ದಳು, ಕೂದಲು ಒರೆಸುತ್ತ ನಿಂತಿರುತ್ತಿದ್ದಳು. ಹುಂಜದ ಪ್ರಸಂಗವಾದ ಸಂಜೆ ನೇರ ನನ್ನ ಹತ್ತಿರ ಬಂದಳು, ಬೆರಳು ತೋರಿಸಿದಳು, ನನ್ನ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಒಂದು ಮಾತು ಹೇಳಿದಳು. "ಐಬೂಜೋಜ್." ಆ ಮಾತು ಏನು ಮಾಡುತ್ತದೆಂದು ಅವಳಿಗೆ ಆಗ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದಳು. ಲಾಕ್ಜೆರ್‌ನ ಹಾಗೆ ನಾನೂ ಎರಡು ಸಲ ಉಗುಳು ನುಂಗಿದೆ, ಮೊಳೆಯಿಂದ ಬಿಡಿಸಿ ಕೊಟ್ಟೆ. ಎರಡು ಕೈಯಲ್ಲಿ ತೆಗೆದುಕೊಂಡು ಕೊಮ್ಮೋಲ್ ಬೂಬೂ ಎಂದಳು. ಈಗ ಗೋಡೆಯಲ್ಲಿ ಒಂದು ಬೆಳ್ಳಗಿನ ಚೌಕ ಇದೆ. ನಾನು ಅದನ್ನೇ ನೋಡುತ್ತ ಬರೆಯುತ್ತಿದ್ದೇನೆ.

ಇತೋಕ್ ಮೊಂಗಾ ಎನ್ನುವುದನ್ನೂ ಕಲಿಸು ಎಂದು ಬಹಳ ಪೀಡಿಸಿದಳು. ಅದು ನೆಂಟರ ಮಾತಲ್ಲ ಮಗೂ, ಮನೆ ಇದ್ದವರು ದಾರಿಯಲ್ಲಿ ಹೋಗುವವರಿಗೆ ಹೇಳುವ ಮಾತು, ನಿನಗೆ ಬೇಕಾದದ್ದು ಅದಕ್ಕೆ ಉತ್ತರ ಮಾತ್ರ, ಅದನ್ನು ಕಲಿಸಿದ್ದೇನಲ್ಲ ಅಂದೆ. ಮುಖ ಊದಿಸಿಕೊಂಡು ಮನೆಯ ಹಿಂದೆ ಹೋದಳು. ಆ ಊದಿದ ಮುಖವೂ ನಿನ್ನದೇ, ಮೂರು ದಿನ ಮಾತು ಬಿಡುತ್ತಿದ್ದೆಯಲ್ಲ, ಈಗ ಒಂಬತ್ತು ವರ್ಷ ಬಿಟ್ಟಿದ್ದೀಯ, ಆ ಮುಖ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ದನಿ ಕೇಳಿತು. ಇಣುಕಿ ನೋಡಿದರೆ ಹಂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತೆಂಗಿನ ತುರಿ ಹಿಡಿದು, ಇತೋಕ್ ಮೊಂಗಾ, ಇತೋಕ್ ಮೊಂಗಾ ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಮೂಗಿನಲ್ಲಿ ಹೊರಡಬೇಕಾದ ಆ ದನಿ ಹೊರಡುವ ತನಕ ಬಿಡಲಿಲ್ಲ. ಈಗ ಹಂದಿಗೆ ಆ ಮಾತು ಬಾಯಿಪಾಠವಾಗಿದೆ. ನಿನ್ನೆ ಆರಾಧನೆ ಮುಗಿಸಿ ಪಾದ್ರಿ ಊಟಕ್ಕೆ ಎಲ್ಲರನ್ನೂ ಕರೆದರೆ ಮೊದಲು ಬಂದದ್ದು ನಮ್ಮ ಹಂದಿ. ಊರು ನಕ್ಕಿದ್ದೇ ನಕ್ಕಿದ್ದು. ನನಗೆ ನಗು ಬರಲಿಲ್ಲ. ನನ್ನ ತಾಯಿಯಿಂದ ನನಗೆ, ನನ್ನಿಂದ ನಿನಗೆ, ನಿನ್ನಿಂದ ಅವಳಿಗೆ ಇಳಿಯಬೇಕಾದ ಈ ನೆಲದ ಮೇಲೆ, ಉಣ್ಣಲು ಬಾ ಎಂದು ಕರೆಯಲು ಅವಳಿಗೆ ಸಿಕ್ಕಿದ್ದು ಒಂದು ಹಂದಿ.

ಈಗ ಎದ್ದು ಹೋಗಿ ನೀರು ಕುಡಿದು ಬಂದೆ. ಮುಂದಿನದನ್ನು ಬರೆಯದೆ ತಪ್ಪಿಸಿಕೊಳ್ಳುವ ದಾರಿ ಹುಡುಕಿದೆ, ಸಿಗಲಿಲ್ಲ.

ಶನಿವಾರ ಮಾರ್ಗಿ ಪಾಠಕ್ಕೆ ಒಬ್ಬಳೇ ಬಂದಳು. ಕ್ಷಮಿಸಿ ಎನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ಅವಳು ಕಡಲಾಚೆಯ ಅವರೂರಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳಂತೆ. ಅವಳ ಬಸ್ಸಿಗೆ ಅಲ್ಲಿಗೆ ದುಡಿಯಲು ಹೋದ ನಮ್ಮವರ ಮಕ್ಕಳೂ ಹತ್ತುತ್ತಾರಂತೆ. ಒಂದು ದಿನ ನಮ್ಮ ಹೆಂಗಸೊಬ್ಬಳು ಬಸ್ಸಿನ ಬಾಗಿಲಲ್ಲಿ ನಿಂತು, "ಈ ಮಗೂನ ಅದರ ಅಮ್ಮನ ಹತ್ರ ಯಾವಾಗ ಕರ್ಕೊಂಡು ಹೋಗ್ತೀರಿ?" ಅಂದಳಂತೆ. ಮಾರ್ಗಿಗೆ ಅರ್ಥವಾಗಲಿಲ್ಲ. ಆ ಹೆಂಗಸು, "ನಮ್ಮಲ್ಲಿ ಮಗು ಕೊಡೋದು ಅಂದ್ರೆ ಕೊಟ್ಟೇ ಬಿಡೋದಲ್ಲಮ್ಮ. ಎರಡು ಮನೇಲಿ ಉಣ್ಣತ್ತೆ, ಎರಡು ಮನೇಲಿ ಮಲಗತ್ತೆ. ಹೆತ್ತವಳು ಕಾಯ್ತಾ ಇರ್ತಾಳೆ," ಅಂದಳಂತೆ. ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಮಾರ್ಗಿ ಖಾಲಿ ಬಸ್ಸಿನಲ್ಲಿ ಸಂಜೆಯ ತನಕ ಕೂತಿದ್ದಳಂತೆ. ಅಲ್ಲಿಂದ ಇಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು. "ನೀವು ಕಾಯ್ತಿದ್ರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಗೊತ್ತಿಲ್ಲದೆ ಎಂಟು ವರ್ಷ ಸುಖವಾಗಿದ್ದೆ," ಎಂದಳು. 

ಜೋಲೋಕ್ ಬೋಡ್. ತಪ್ಪನ್ನು ಎಸೆದುಬಿಡು. ಎರಡು ಪದ, ಹಾಲುಹಲ್ಲಿನ ಮಕ್ಕಳೂ ಹೇಳುತ್ತವೆ. ನಾನು ಬಾಯಿ ತೆರೆದೆ, ಬರಲಿಲ್ಲ. ನನ್ನ ಬದಲು ಕಿಯೋನಾ ಕಲಿಸಿದಳು. ಮಾರ್ಗಿ ನನ್ನತ್ತ ತಿರುಗಿ ಆ ಎರಡು ಪದವನ್ನು ತಪ್ಪು ತಪ್ಪಾಗಿ, ಅಳುತ್ತ ಹೇಳಿದಳು. ಏನು ಮಾಡಲಿ ಮಗಳೇ? ಅವಳು ಮಾಡದ ತಪ್ಪನ್ನು ನಾನು ಎಲ್ಲಿಂದ ಎತ್ತಿ ಎಸೆಯಲಿ? ಆ ತಪ್ಪು ನನ್ನ ಮಡಿಲಲ್ಲಿ ಕೂತಿತ್ತು.

ಆ ದಿನವನ್ನು ನೀನು ಮರೆತಿಲ್ಲ. ನಾನೂ ಮರೆತಿಲ್ಲ, ಮರೆತ ಹಾಗೆ ನಟಿಸಿದ್ದೇನೆ. ನಿನಗೆ ಹತ್ತೊಂಬತ್ತು. ಮಗುವಿನ ಅಪ್ಪ ಮೀನಿನ ಹಡಗು ಹತ್ತಿ ಹೋದವನು ತಿರುಗಿ ಬರಲಿಲ್ಲ. ಮಕ್ಕಳಿಲ್ಲದ ಮಾರ್ಗಿ ನಮ್ಮ ಚಾಪೆಯ ಮೇಲೆ ಕೂತು ಅತ್ತಳು. ನಮ್ಮ ಚಾಪೆಯಿಂದ ಯಾರೂ ಬರಿಗೈಲಿ ಎದ್ದು ಹೋಗಿಲ್ಲ, ಅದು ನನ್ನ ಹೆಮ್ಮೆ. ಆಮೇಲೆ ಮಜುರೋದ ಆ ಕೋಣೆ, ಮೇಜು, ದತ್ತಿನ ಕಾಗದ. ಅಲ್ಲಿದ್ದವನು ಕಾಗದವನ್ನು ನಮ್ಮ ಮಾತಿನಲ್ಲೇ ಸಾಲುಸಾಲಾಗಿ ಓದುತ್ತಿದ್ದ. ಯಾರೂ ನಮಗೆ ಸುಳ್ಳು ಹೇಳಲಿಲ್ಲ, ಹೆರ್ಟೀನಾ. ಅರ್ಧಕ್ಕೆ ನಾನೇ ಕೈಯೆತ್ತಿ ನಿಲ್ಲಿಸಿದೆ. ಎದ್ದು ನಿಂತೆ. ಇದೇ ಗಂಟಲಲ್ಲಿ ಹೇಳಿದೆ, "ಕಾಗದ ಏನು ಮಾಡತ್ತೆ? ಮಳೆ ಬಂದ್ರೆ ಕರಗತ್ತೆ. ರಕ್ತ ಕರಗತ್ತಾ? ನಮ್ಮ ಮಗು ಎರಡು ಮನೇಲಿ ಉಣ್ಣತ್ತೆ, ಮೂರು ವರ್ಷಕ್ಕೆ ಕುಣೀತಾ ವಾಪಸ್ ಬರತ್ತೆ. ಹಾಕು ಸಹಿ." ಕೋಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ನೀನು ತಟ್ಟಲಿಲ್ಲ. ನೀನು ನನ್ನನ್ನು ನೋಡಿದೆ, "ಅಮ್ಮಾ, ಪೂರ್ತಿ ಓದ್ಲಿ," ಎಂದು ಮೆಲ್ಲಗೆ ಹೇಳಿದೆ. ನನಗೆ ಕೇಳಿಸಿತು. ಇವತ್ತಿನ ತನಕ ಕೇಳಿಸಲೇ ಇಲ್ಲವೆಂದು ಹೇಳುತ್ತ ಬಂದಿದ್ದೇನೆ. ಕೇಳಿಸಿತು. ಆದರೆ ನಾನು ಆಗ ರಂಗದ ಮೇಲಿದ್ದೆ, ಚಪ್ಪಾಳೆಯ ನಡುವೆ ಇಳಿದು ಬರಲು ನನಗೆ ಯಾವತ್ತೂ ತಿಳಿದಿಲ್ಲ.

ಒಂದು ವರ್ಷ ತುಂಬಿದ ದಿನ, ಊರ ಮಕ್ಕಳಿಗೆಲ್ಲ ಮಾಡುವ ಮೊದಲ ವರ್ಷದ ಹಬ್ಬ ನಿನ್ನ ಮಗುವಿಗೆ ಮಾಡಲಿಲ್ಲ, ಬಂದ ಮೇಲೆ ಮಾಡೋಣ ಎಂದೆ ನಾನು. ನೀನು ಹಿಂದಿನ ಒಲೆಯಲ್ಲಿ ಒಂದೇ ಬಟ್ಟಲು ಅನ್ನ ಬೇಯಿಸಿ, ಅದರ ಮುಂದೆ ಕೂತು, ಉಣ್ಣದೆ ಎದ್ದೆ. ಅದನ್ನೂ ನೋಡಿದ್ದೆ. ಆ ವರ್ಷವೂ ಕ್ರಿಸ್‌ಮಸ್‌ಗೆ ನಾನು ಹೆರೋದನೇ, ಊರ ಕೂಸುಗಳನ್ನೆಲ್ಲ ಕೊಲ್ಲಿಸಿದ ರಾಜ. ತಾಯಂದಿರ ತೋಳಿಂದ ಮಕ್ಕಳನ್ನು ಕಸಿದು ಎಸೆದೆ, ಎಲ್ಲವೂ ಬಟ್ಟೆಯ ಗೊಂಬೆ. ಮರುವರ್ಷ ನೀನು ಮಜುರೋಗೆ ಹೋದೆ. ಆಮೇಲೆ ಅಕ್ಕಿಮೂಟೆ ಬಂತು, ಚೀಟಿ ಬರಲಿಲ್ಲ. ಇಪ್ಪತ್ತಾರು ವರ್ಷ ಕಸಿದುಕೊಂಡ ಮಕ್ಕಳಲ್ಲಿ ನಿಜವಾದದ್ದು ಒಂದೇ ಒಂದು ಇತ್ತು ಎಂದು ನನಗೆ ನಿಧಾನವಾಗಿ ತಿಳಿಯಿತು. ಅಂದಿನಿಂದ ನಾನು ಆ ಪಾತ್ರ ಮಾಡಿಲ್ಲ. ಬೆನ್ನುನೋವು ಎಂದು ಊರಿಗೆ ಹೇಳಿದ್ದೇನೆ.

ಹುಡುಗಿ ಐದನೆಯದಾಗಿ ಕಲಿತದ್ದು ಜೋಲೋಕ್ ಬೋಡ್ ಎಂಬ ಆ ಮಾತೇ. ಕೂತವರ ಕಾಲು ದಾಟಿದರೆ ಜೋಲೋಕ್ ಬೋಡ್, ನೀರು ಚೆಲ್ಲಿದರೆ ಜೋಲೋಕ್ ಬೋಡ್, ಹಂದಿಯ ಬಾಲ ತುಳಿದರೂ ಅದೇ. ಅವಳ ಬಾಯಲ್ಲಿ ಎಷ್ಟು ಹಗುರವಾಗಿ ಬರುತ್ತದೆಂದು ನೋಡಿ ನಾನೂ ಹಂದಿಯ ಮುಂದೆ ಹೋಗಿ ಅಭ್ಯಾಸ ಮಾಡಿದೆ. ನಗಬೇಡ, ನಿಜವಾಗಿ ಮಾಡಿದೆ. ಈಗ ಬರೆಯುತ್ತೇನೆ, ಒಂದೇ ಸಲ, ಒತ್ತದೆ ಬರೆಯುತ್ತೇನೆ. ಜೋಲೋಕ್ ಬೋಡ್, ಹೆರ್ಟೀನಾ. ಎಸೆಯಲು ನಿನಗೆ ಇನ್ನೂ ಕೈ ಬರದಿದ್ದರೆ ಎಸೆಯಬೇಡ, ಇಟ್ಟುಕೋ. ನನ್ನ ಮೇಲಿನ ಸಿಟ್ಟನ್ನು ನನಗೇ ಇಡು, ಅದಕ್ಕೆ ಅವಳಿಂದ ಬೆಲೆ ತೆರಿಸಬೇಡ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ದೋಣಿ ಬರುವ ಹೊತ್ತಿಗೆ ನಾನು ಹೊರಗಡಲಿನ ದಂಡೆಗೆ ಹೋಗಿ ಕೂರುತ್ತೇನೆ, ನೀನು ತಿರುಗಿ ಹೋಗುವ ತನಕ ಬರುವುದಿಲ್ಲ. ನೀನು ಬಾ. ಬರುವಾಗ ಕಾಲಿಗೆ ಬಟ್ಟೆ ಸುತ್ತಿಕೋ, ದೋಣಿಯ ತಳದಲ್ಲಿ ನೀರು ನಿಂತಿರುತ್ತದೆ. ಜೋರ್ಲಾಂಗ್ ಎಷ್ಟು ಮೊಗೆದರೂ ಅದು ಹಾಗೇ.

ಕಿಯೋನಾ ನಿನ್ನನ್ನು ಕೇಳಿದ್ದಾಳೆ. ಲಿಮಿ ಮುದುಕಿಯೂ ಕೇಳಿದ್ದಾಳೆ, ಆ ಬಾಯಿಂದ ಒಳ್ಳೆಯದು ಹೊರಟಾಗ ತಪ್ಪದೆ ತಿಳಿಸಬೇಕು. ನಮ್ಮ ತಾಯಂದಿರ ದೇವರು ನಿನ್ನ ಕಾಲಿನ ನೋವನ್ನು ತೆಗೆಯಲಿ, ಎದೆಯ ನೋವನ್ನು ತೆಗೆಯಲು ನನಗೆ ದಾರಿ ತೋರಿಸಲಿ. ಈ ಹಾಳೆಯ ಮೇಲೆ ಕೈಯಿಟ್ಟು ನಿನ್ನ ತಲೆ ನೇವರಿಸಿದ್ದೇನೆ.

ನಿನ್ನ ತಾಯಿ,
ನೇಮಾತ್

ತಾ.ಕ. ಮಂಗಳವಾರ ಸಂಜೆ, ಅವಸರದಲ್ಲಿ. ಕಾಗದ ಮಡಿಚಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಜೋರ್ಲಾಂಗ್ ಇದನ್ನು ತೆಗೆದುಕೊಂಡು ಹೋಗಲು ನಮ್ಮ ಮನೆಯ ಕಡೆ ಬರುತ್ತಿದ್ದ. ನಾನು ಒಳಗಿದ್ದೆ. ಜಗಲಿಯ ಮೇ‌ಲಿಂದ ನನ್ನದೇ ಗಂಟಲು ಕೇಳಿಸಿತು, "ಇತೋಕ್ ಮೊಂಗಾ." ನಾನು ಇಲ್ಲಿದ್ದೇನೆ, ನನ್ನ ಗಂಟಲು ಅಲ್ಲಿ ಹೇಗೆ ಎಂದು ಹೊರಗೆ ಬಂದರೆ ಲಿಬೋನ್ ಜಗಲಿಯ ತುದಿಯಲ್ಲಿ ನಿಂತು, ಕೈ ಬೀಸಿ ಅವನನ್ನು ಕರೆಯುತ್ತಿದ್ದಾಳೆ. ನಲವತ್ತು ವರ್ಷದಿಂದ ಹೊಟ್ಟೆ ತುಂಬಿದೆ ಎಂದು ಹಾದುಹೋಗುವ ಜೋರ್ಲಾಂಗ್ ಇವತ್ತು ಚಪ್ಪಲಿ ಬಿಟ್ಟು ಒಳಗೆ ಬಂದ, ಕೂತ, ಸುಟ್ಟ ದೀವಿಹಲಸು ಎರಡು ಪೂರ್ತಿ ತಿಂದ. "ಮನೆಯವರು ಕರೆದ್ರೆ ಇಲ್ಲ ಅನ್ನೋದು ಹೇಗಕ್ಕಾ," ಅಂದ. ತಿಂದಾದ ಮೇಲೆ ಕಾಗದ ಎಲ್ಲಿ ಎಂದ. ಲಿಬೋನ್ ಕಾಗದದ ಮೇಲೆ ಕೈಯಿಟ್ಟು, ಜಗಲಿಯಲ್ಲೇ ಇದ್ದ ಕಿಯೋನಾಗೆ ಹೇಳಿದಳು, "ನಾನೇ ಕೊಡ್ತೀನಿ." ಮಾರ್ಗಿ ಅವಳ ಕೂದಲನ್ನು ಕೈಯಿಂದ ಹಿಂದಕ್ಕೆ ಸರಿಸಿದಳು. ಆಮೇಲೆ ಚಿಕ್ಕ ವಿಮಾನ ಬೇಡ, ದೋಣಿಯಲ್ಲೇ ಹೋಗೋಣ ಎಂದಳು.

ಆದ್ದರಿಂದ, ಮಗಳೇ, ನೀನು ದೋಣಿ ಹತ್ತುವುದು ಬೇಡ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವಳು ಅವಳೇ. ಹಿಂದಕ್ಕೆ ಬಿಟ್ಟ ಕೂದಲು, ಬಲಗಾಲಿನ ಬೆರಳಿಂದ ಎಡಗಾಲು ಕೆರೆದುಕೊಳ್ಳುತ್ತ ನಿಂತಿದ್ದಾಳೆ, ನೋಡು. ನಿನ್ನ ಫೋಟೋ ಅವಳ ಚೀಲದಲ್ಲಿದೆ, ನಿನ್ನ ಮುಖ ಅವಳಿಗೆ ಗೊತ್ತು. ನೀನು ಓದಿ ಮುಗಿಸುವ ತನಕ ಮಾತಾಡಬೇಡ ಎಂದು ಹೇಳಿ ಕಳಿಸಿದ್ದೇನೆ. ಮಾರ್ಗಿ ಓಣಿಯ ತುದಿಯಲ್ಲಿ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿರುತ್ತಾಳೆ, ಕರೆಯದೆ ಬರುವುದಿಲ್ಲ. ಹೊಟ್ಟೆ ತುಂಬಿದೆ ಅನ್ನುತ್ತಾಳೆ, ನಾನೇ ಕಲಿಸಿದ್ದು, ನಂಬಬೇಡ, ನಸುಕಿನಲ್ಲೇ ಹೊರಟವರು, ಇಬ್ಬರೂ ಏನೂ ತಿಂದಿರುವುದಿಲ್ಲ.

ನಿನ್ನ ಬಾಗಿಲಲ್ಲಿ ಅವಳು ನೆಂಟಳು, ಮನೆಯವಳು ನೀನು. ಅವಳು ಕಾಯುತ್ತಿರುವ ಮಾತು ಹೇಳಬೇಕಾದವಳು ನೀನೇ. ಕಾಗದ ಕೆಳಗಿಡು, ತಲೆಯೆತ್ತು, ಉಣ್ಣಲು ಬಾ ಅನ್ನು.